ಉಪ್ಪು ನೀರನ್ನು ಎಳೆಯುತ್ತದೆಯೇ?

ಒಂಬತ್ತನೇ ತರಗತಿಯ ವಿಜ್ಞಾನದಲ್ಲಿ, ಜೀವಕೋಶದ ಪಾಠಕ್ಕೆ ಸೇರಿದ ಆಲೂಗಡ್ಡೆಯ ಪ್ರಯೋಗವೊಂದಿದೆ. ಸಿಪ್ಪೆ ಹೆರೆದ ನಾಲ್ಕು ಹೋಳುಗಳಲ್ಲಿ ಗುಳಿ ತೋಡಿ ನೀರಿನ ತಟ್ಟೆಯಲ್ಲಿಡಬೇಕು. ಮೊದಲನೆಯದು ಖಾಲಿ. ಎರಡನೆಯದಕ್ಕೆ ಒಂದು ಚಮಚ ಸಕ್ಕರೆ, ಮೂರನೆಯದಕ್ಕೆ ಒಂದು ಚಮಚ ಉಪ್ಪು. ನಾಲ್ಕನೆಯದು ಬೇಯಿಸಿದ ಹೋಳು, ಅದಕ್ಕೂ ಒಂದು ಚಮಚ ಸಕ್ಕರೆ. ಎರಡು ಗಂಟೆಯ ನಂತರ ನೋಡಿದರೆ, ಎರಡು ಮತ್ತು ಮೂರನೆಯ ಗುಳಿಗಳಲ್ಲಿ ನೀರು ಸೇರಿರುತ್ತದೆ. ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರದಂಥ ತೆಂಗಿನ ಸೀಮೆಯಲ್ಲಿ ಈ ಪ್ರಯೋಗ ಅರ್ಥವಾದರೆ ತೋಟದ ನಂಬಿಕೆಗಳನ್ನೂ ಒರೆಗೆ ಹಚ್ಚಬಹುದು.

ತಪ್ಪು ಕಲ್ಪನೆ: ನೀರನ್ನು ಎಳೆಯುವುದು ಸಕ್ಕರೆ, ಉಪ್ಪು; ಆಲೂಗಡ್ಡೆ ಬರೀ ಬಟ್ಟಲು.
ಸತ್ಯ: ಹಾಗಿದ್ದರೆ ಬೇಯಿಸಿದ ಹೋಳಿನಲ್ಲೂ ನೀರು ತುಂಬಬೇಕಿತ್ತು. ಬೆಂದಾಗ ಹಾಳಾಗುವುದು ಕೋಶಪೊರೆ. ನೀರನ್ನು ಬಿಟ್ಟು ಸಕ್ಕರೆಯನ್ನು ತಡೆಯುವ ಆ ಪೊರೆ ಇಲ್ಲದಿದ್ದರೆ, ಅದರ ಮೂಲಕ ನೀರು ಸಾಂದ್ರ ದ್ರಾವಣದತ್ತ ಸಾಗುವ ಕ್ರಿಯೆ, ಅಂದರೆ ಅಭಿಸರಣೆಯೂ ಇಲ್ಲ.

ತಪ್ಪು ಕಲ್ಪನೆ: ಖಾಲಿ ಹೋಳು ಲೆಕ್ಕಕ್ಕಿಲ್ಲ.
ಸತ್ಯ: ತಟ್ಟೆಯ ನೀರು ಸುಮ್ಮನೆ ಜಿನುಗಿ ಒಳಬರುವುದಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಹೋಲಿಸಲು ಅದಿಲ್ಲದೆ ಪ್ರಯೋಗ ಏನನ್ನೂ ಸಾಬೀತು ಮಾಡದು.

ತಪ್ಪು ಕಲ್ಪನೆ: ನೀರು ಒಂದೇ ದಿಕ್ಕಿಗೆ ಹರಿಯುತ್ತದೆ, ಆಮೇಲೆ ನಿಂತುಬಿಡುತ್ತದೆ.
ಸತ್ಯ: ನೀರಿನ ಅಣುಗಳು ಪೊರೆಯ ಎರಡೂ ಕಡೆಯಿಂದ ಸದಾ ದಾಟುತ್ತಿರುತ್ತವೆ. ತಿಳಿನೀರಿನ ಕಡೆಯಿಂದ ದಾಟುವವು ಹೆಚ್ಚು, ಸಾಂದ್ರ ದ್ರಾವಣದ ಕಡೆಯಿಂದ ಮರಳುವವು ಕಡಿಮೆ. ಎರಡೂ ಸಮವಾದಾಗ ಮಟ್ಟ ಬದಲಾಗುವುದಿಲ್ಲ, ಓಡಾಟ ಮಾತ್ರ ನಿಲ್ಲುವುದಿಲ್ಲ.

ತಪ್ಪು ಕಲ್ಪನೆ: ತೆಂಗಿನ ಸುಳಿಯವರೆಗೆ ನೀರೇರುವುದು ಅಭಿಸರಣೆಯಿಂದಲೇ.
ಸತ್ಯ: ಬೇರಿನ ಕೋಶಗಳೊಳಗೆ ನೀರು ಸೇರುವುದು ಅಭಿಸರಣೆಯಿಂದ. ಅಲ್ಲಿಂದ ಮೇಲಕ್ಕೆ ಸೆಳೆಯುವ ಮುಖ್ಯ ಬಲ ಗರಿಗಳಿಂದ ನೀರು ಆವಿಯಾಗಿ ಹೋಗುವ ಬಾಷ್ಪವಿಸರ್ಜನೆ.

ತಪ್ಪು ಕಲ್ಪನೆ: ಅಟ್ಟದಲ್ಲಿ ಕಾಯಿ ಕೊಬ್ಬರಿಯಾಗುವುದೂ ಅಭಿಸರಣೆ.
ಸತ್ಯ: ಅದು ತಿಂಗಳುಗಟ್ಟಲೆ ನಡೆಯುವ ಒಣಗುವಿಕೆ. ಹಸಿ ಕಾಯಿಯ ತಿರುಳಿನಲ್ಲಿ ಸುಮಾರು ಅರ್ಧದಷ್ಟು ನೀರಿರುತ್ತದೆ. ಚೆನ್ನಾಗಿ ಒಣಗಿದ ಕೊಬ್ಬರಿಯಲ್ಲಿ ಉಳಿಯುವುದು ಶೇ. 6ರ ಆಸುಪಾಸು. ಉಳಿದದ್ದು ಆವಿಯಾಗಿ ಹೋಗಿರುತ್ತದೆ.

ತಪ್ಪು ಕಲ್ಪನೆ: ಬುಡಕ್ಕೆ ಉಪ್ಪು ಹಾಕಿದಷ್ಟೂ ತೆಂಗು ಹೆಚ್ಚು ನೀರು ಕುಡಿಯುತ್ತದೆ.
ಸತ್ಯ: ತೆಂಗು ಉಪ್ಪನ್ನು ತಕ್ಕಮಟ್ಟಿಗೆ ತಾಳುವ ಮರ, ಉಪ್ಪಿನಲ್ಲಿರುವ ಕ್ಲೋರೈಡ್ ಅದಕ್ಕೆ ಪೋಷಕಾಂಶವೂ ಹೌದು. ಆದರೆ ಮಣ್ಣಿನ ನೀರಿನಲ್ಲಿ ಲವಣ ಹೆಚ್ಚಿದಷ್ಟೂ ಬೇರಿಗೆ ನೀರು ದಕ್ಕುವುದು ಕಷ್ಟ. ಮಿತಿಮೀರಿದರೆ ಬೇರಿನ ನೀರೇ ಹೊರಕ್ಕೆ ಹೋಗುತ್ತದೆ. ಹೆಚ್ಚಿನ ರಸಗೊಬ್ಬರಗಳೂ ಲವಣಗಳೇ. ಎಳೆ ಸಸಿಯ ಬುಡಕ್ಕೆ ಗುಪ್ಪೆ ಹಾಕಿದರೆ ತೇವವಿರುವ ಮಣ್ಣಿನಲ್ಲೂ ಅದು ಬಾಡುವುದು ಇದೇ ಕಾರಣಕ್ಕೆ. ಗೊಬ್ಬರವನ್ನು ಪಾತಿಯ ತುಂಬ ಹರಡಿ, ಮಣ್ಣಿಗೆ ಬೆರೆಸಿ, ನೀರು ಕೊಡಬೇಕು. ಶಾಲೆಯಲ್ಲಿ ಅಭಿಸರಣೆ ಕಲಿತ ಮಕ್ಕಳು ಇದನ್ನು ಮನೆಯ ಹಿರಿಯರಿಗೆ ಕಾರಣಸಮೇತ ಹೇಳಬಲ್ಲರು, ಹೇಳಬೇಕು.