ಉಳಿಯದ ಕೋಶಗಳ ಋಣ

ಸರ್ಕಾರಿ ಸೇವೆಯಲ್ಲಿದ್ದಾಗ ‘ಹೆಚ್ಚುವರಿ ಸಿಬ್ಬಂದಿ’ಯ ಪಟ್ಟಿಗಳಿಗೆ ನಾನು ಹಲವು ಬಾರಿ ಸಹಿ ಹಾಕಿದ್ದೇನೆ. ಅವುಗಳಲ್ಲಿ ಹೆಚ್ಚಿನವರು ದಿನಗೂಲಿ ನೌಕರರು. ಅರ್ಥಶಾಸ್ತ್ರ ಓದಿದ್ದ ನಾನು ಮನಸ್ಸಿನ ಸಮಾಧಾನಕ್ಕೆ ನಿಸರ್ಗವನ್ನು ಸಾಕ್ಷಿಗೆ ಕರೆಯುತ್ತಿದ್ದೆ: ಅಯೋಗ್ಯವಾದುದನ್ನು ಪ್ರಕೃತಿಯೂ ಉಳಿಸಿಕೊಳ್ಳುವುದಿಲ್ಲವಲ್ಲ! ನಿವೃತ್ತಿಯ ನಂತರ ಭ್ರೂಣದ ಮಿದುಳು ರೂಪುಗೊಳ್ಳುವ ಬಗೆಯನ್ನು ಓದಿದಾಗ ಆ ಸಾಕ್ಷಿ ನನ್ನ ವಿರುದ್ಧವೇ ನುಡಿಯಿತು.

ಬೆಳೆಯುತ್ತಿರುವ ನರಮಂಡಲವು ಅಗತ್ಯಕ್ಕಿಂತ ಹೆಚ್ಚು ನರಕೋಶಗಳನ್ನು ಹುಟ್ಟಿಸುತ್ತದೆ. ಅದರ ಹಲವು ಭಾಗಗಳಲ್ಲಿ ಸುಮಾರು ಅರ್ಧದಷ್ಟು ಕೋಶಗಳು ಅಳಿಯುತ್ತವೆ. ಇದು ಗಾಯದಿಂದಾದ ಸಾವಲ್ಲ. ಕೋಶವು ಕ್ಯಾಸ್ಪೇಸ್ ಎಂಬ ಕಿಣ್ವಗಳ ಮೂಲಕ ತನ್ನನ್ನು ತಾನೇ ಬಿಡಿಬಿಡಿಯಾಗಿ ಕಳಚಿಕೊಳ್ಳುತ್ತದೆ; ಚೂರುಗಳನ್ನು ಇತರ ಕೋಶಗಳು ಸದ್ದಿಲ್ಲದೆ ನುಂಗುತ್ತವೆ. 1972ರಲ್ಲಿ ವಿಜ್ಞಾನಿಗಳು ಇದಕ್ಕೆ ‘ಅಪೊಪ್ಟೋಸಿಸ್’ ಎಂದು ಹೆಸರಿಟ್ಟರು. ಎಲೆ ಉದುರುವುದನ್ನು ಸೂಚಿಸುವ ಗ್ರೀಕ್ ಪದವದು. ಈ ಸಾವು ವ್ಯರ್ಥವೂ ಅಲ್ಲ. 1990ರ ದಶಕದಲ್ಲಿ ಇಂಥ ಕಿಣ್ವಗಳ ವಂಶವಾಹಿಯನ್ನು ಇಲಿಗಳಿಂದ ತೆಗೆದುಹಾಕಿದಾಗ ಅವುಗಳ ಮಿದುಳು ಮಿತಿಮೀರಿ ಬೆಳೆದು ವಿರೂಪಗೊಂಡಿತು. ಬಹುಪಾಲು ಮರಿಗಳು ಬದುಕಲಿಲ್ಲ.

ಹಾಗಾದರೆ ಸಾಯುವ ಕೋಶ ಯಾವುದು? ಈ ಪ್ರಶ್ನೆಗೆ ಉತ್ತರದ ದಾರಿ ತೋರಿದವರು ಇಟಲಿಯ ರೀಟಾ ಲೆವಿ-ಮೊಂಟಾಲ್ಚಿನಿ. 1938ರ ಜನಾಂಗೀಯ ಕಾನೂನುಗಳು ಯಹೂದಿಯಾದ ಆಕೆಯನ್ನು ವಿಶ್ವವಿದ್ಯಾಲಯದಿಂದ ಹೊರಗಿಟ್ಟವು. ಟ್ಯೂರಿನ್‌ನ ತಮ್ಮ ಮಲಗುವ ಕೋಣೆಯನ್ನೇ ಪ್ರಯೋಗಾಲಯವಾಗಿಸಿ, ಹೊಲಿಗೆ ಸೂಜಿಯನ್ನು ಮಸೆದು, ಆಕೆ ಕೋಳಿಯ ಭ್ರೂಣಗಳನ್ನು ಅಭ್ಯಸಿಸಿದರು. ಭ್ರೂಣದ ಅಂಗದ ಮೊಳಕೆಯನ್ನು ಕತ್ತರಿಸಿದರೆ ಅದಕ್ಕೆ ಸೇರಬೇಕಾದ ನರಕೋಶಗಳು ಹುಟ್ಟಿ, ಬೆಳೆದು, ಬಳಿಕ ಸಾಯುತ್ತಿದ್ದವು. ಯುದ್ಧಾನಂತರ 1947ರಲ್ಲಿ ಆಕೆಯನ್ನು ಅಮೆರಿಕಕ್ಕೆ ಆಹ್ವಾನಿಸಿದ ವಿಕ್ಟರ್ ಹ್ಯಾಂಬರ್ಗರ್ ಕೂಡ ನಾಜಿ ಜರ್ಮನಿಯಲ್ಲಿ ಹುದ್ದೆ ಕಳೆದುಕೊಂಡವರೇ. ನರಗಳ ಬೆಳವಣಿಗೆಯನ್ನು ಪೋಷಿಸುವ ಅಂಶದ ಶೋಧಕ್ಕಾಗಿ ಲೆವಿ-ಮೊಂಟಾಲ್ಚಿನಿ ಅವರಿಗೂ ಸ್ಟ್ಯಾನ್ಲಿ ಕೋಹೆನ್ ಅವರಿಗೂ 1986ರ ನೊಬೆಲ್ ಪ್ರಶಸ್ತಿ ಸಂದಿತು.

ಆ ಪೋಷಕಾಂಶ ಒದಗುವುದು ನರಕೋಶ ತಲುಪಬೇಕಾದ ಅಂಗದಿಂದ. ಅದೂ ಸೀಮಿತ ಪ್ರಮಾಣದಲ್ಲಿ. ಸಂಪರ್ಕ ಸಿಕ್ಕವು ಉಳಿದವು, ಸಿಗದವು ಅಳಿದವು. ಮಿದುಳಿನ ಹೊರಪದರದಲ್ಲಿ ಕೋಶದ ವಿದ್ಯುತ್ ಚಟುವಟಿಕೆಯೂ ಅಳಿವು ಉಳಿವನ್ನು ನಿರ್ಧರಿಸುತ್ತದೆ. ಅರ್ಥಶಾಸ್ತ್ರದ ಭಾಷೆಯಲ್ಲಿ ಇದು ಕೊರತೆಯ ಲೆಕ್ಕವೇ ಹೊರತು ಯೋಗ್ಯತೆಯ ಲೆಕ್ಕವಲ್ಲ. ಏಕೆಂದರೆ ಹೊರಗಿನಿಂದ ಅದೇ ಪೋಷಕಾಂಶವನ್ನು ಒದಗಿಸಿದಾಗ, ಸಾಯಬೇಕಿದ್ದ ಅನೇಕ ನರಕೋಶಗಳು ಬದುಕಿಕೊಳ್ಳುತ್ತವೆ.

ಭ್ರೂಣದ ನಿಯಮವನ್ನು ಸಮಾಜಕ್ಕೆ ಅನ್ವಯಿಸುವುದು ತರವಲ್ಲ. ಮನುಷ್ಯನನ್ನು ಕೋಶದಂತೆ ಎಣಿಸಿದ ಆಡಳಿತಗಳ ಫಲವನ್ನು ಈ ಇಬ್ಬರು ವಿಜ್ಞಾನಿಗಳೇ ಉಂಡಿದ್ದರು. ಇಂದು ಅಂಥ ಕಡತ ನನ್ನ ಮುಂದೆ ಬಂದರೂ ಸಹಿ ಹಾಕುವುದು ಬಹುಶಃ ಅನಿವಾರ್ಯವೇ ಆದೀತು. ಆದರೆ ಹೊರನಡೆದವರು ಅಯೋಗ್ಯರೆಂದು ಮನಸ್ಸಿನಲ್ಲಿಯೂ ಷರಾ ಬರೆಯಲಾರೆ.