ಯಕೃತ್ತಿನ ಕಾಠಿನ್ಯಮಾಪನ

ರೋಗಿಯನ್ನು ದರ್ಶನ, ಸ್ಪರ್ಶನ, ಪ್ರಶ್ನಗಳಿಂದ ಪರೀಕ್ಷಿಸಬೇಕೆಂಬುದು ವಾಗ್ಭಟನ ವಿಧಿ. ಸ್ಪರ್ಶಕ್ಕೆ ಗೋಚರವಾಗುವ ಗುಣಗಳಲ್ಲಿ ಕಾಠಿನ್ಯವು ಮುಖ್ಯವಾದುದು. ಚರಕಸಂಹಿತೆಯ ಉದರಚಿಕಿತ್ಸಾಧ್ಯಾಯದಲ್ಲಿ ಬೆಳೆದ ಪ್ಲೀಹವು ಕಠಿನವೆಂದೂ ಆಮೆಯ ಆಕಾರದ್ದೆಂದೂ ಹೇಳಿ, ಬಲಪಾರ್ಶ್ವದ ಯಕೃತ್ತಿನ ವಿಕಾರವನ್ನೂ ಅದರೊಡನೆಯೇ ಸೇರಿಸಿದೆ. ಇಂದಿನ ವೈದ್ಯನೂ ಬಲಪಕ್ಕೆಯ ಕೆಳಗೆ ಬೆರಳುಗಳನ್ನೂರಿ, ರೋಗಿಯು ಉಸಿರೆಳೆದಾಗ ಕೆಳಗಿಳಿಯುವ ಯಕೃತ್ತಿನ ಅಂಚು ಮೆತ್ತಗಿದೆಯೋ ಗಡುಸಾಗಿದೆಯೋ ಎಂದು ನೋಡುವುದುಂಟು. ಆದರೆ ಒಬ್ಬನ ಕೈಗೆ ಗಡುಸೆನಿಸಿದುದು ಮತ್ತೊಬ್ಬನಿಗೆ ಹಾಗೆನಿಸದೆ ಹೋಗಬಹುದು. ಮೇಲಾಗಿ, ಕೈಗೆ ತಿಳಿಯುವಷ್ಟು ಗಡುಸಾಗುವ ವೇಳೆಗೆ ರೋಗವು ಬಹುದೂರ ನಡೆದಿರುವುದು. ಅಲ್ಟ್ರಾಸೌಂಡ್ ಎಲಾಸ್ಟೋಗ್ರಫಿ ಎಂಬ ವಿಧಾನವು ಈ ಸ್ಪರ್ಶಜ್ಞಾನವನ್ನೇ ಸಂಖ್ಯಾರೂಪಕ್ಕೆ ತರುವ ಪ್ರಯತ್ನವಾಗಿದೆ.

ಹೆಪಟೈಟಿಸ್ ಬಿ ಮತ್ತು ಸಿ ವೈರಸ್ಸುಗಳು, ಮದ್ಯಪಾನ, ಯಕೃತ್ತಿನಲ್ಲಿ ಶೇಖರವಾಗುವ ಕೊಬ್ಬು, ಇವುಗಳಲ್ಲಿ ಯಾವುದರಿಂದಲಾದರೂ ಯಕೃತ್ತು ಬಹುಕಾಲ ನೊಂದರೆ, ಮಾಯ್ದ ಗಾಯದ ಕಲೆಯಂತೆ ಅದರಲ್ಲಿ ನಾರುಗಳು ಕಟ್ಟತೊಡಗುತ್ತವೆ. ಅದು ಮುಂದುವರಿದು ಅಂಗವೆಲ್ಲ ಗಂಟುಗಂಟಾದ ಸ್ಥಿತಿಗೆ ಸಿರೋಸಿಸ್ ಎಂದು ಹೆಸರು. ಇಷ್ಟೆಲ್ಲ ನಡೆಯುತ್ತಿರುವಾಗಲೂ ಬಹುಮಂದಿ ರೋಗಿಗಳಿಗೆ ನೋವೆಂಬುದಿಲ್ಲ. ನಾರಿನ ಪ್ರಮಾಣವನ್ನು ಅರಿಯಲು ಸೂಜಿಯಿಂದ ಯಕೃತ್ತಿನ ಒಂದು ಎಳೆಯನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಬಯಾಪ್ಸಿಯೇ ಬಹುಕಾಲ ಪ್ರಮಾಣವೆನಿಸಿತ್ತು. 1958ರಲ್ಲಿ ಇಟಲಿಯ ಮೆಂಘೀನಿಯು ಅದನ್ನು ಕ್ಷಣಮಾತ್ರದ ಕೆಲಸವನ್ನಾಗಿ ಮಾಡಿದನು. ಆದರೂ ಆ ಎಳೆಯು ಇಡೀ ಯಕೃತ್ತಿನ ಸುಮಾರು 50,000ದಲ್ಲಿ ಒಂದು ಪಾಲು ಮಾತ್ರ. ಒಂದಗುಳಿನಿಂದ ಅನ್ನವನ್ನರಿಯುವ ನ್ಯಾಯವು ಎಲ್ಲೆಡೆಯೂ ಸಮನಾಗಿ ಬೇಯದ ಅನ್ನಕ್ಕೆ ಒಪ್ಪುವುದಿಲ್ಲ. ರಕ್ತಸ್ರಾವದ ಭಯವೂ ಇದ್ದುದರಿಂದ ವರ್ಷವರ್ಷವೂ ಸೂಜಿಯನ್ನು ಚುಚ್ಚುವಂತೆಯೂ ಇರಲಿಲ್ಲ.

ಸಾಮಾನ್ಯವಾದ ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ ಕಿವಿಗೆ ಕೇಳಿಸದ ಧ್ವನಿಯು ದೇಹದೊಳಕ್ಕೆ ಹೋಗಿ ಮರಳಿ ಬರುತ್ತದೆ. ಮೃದುವಾದ ಅಂಗಗಳಲ್ಲಿ ಅದರ ವೇಗವು ಸೆಕೆಂಡಿಗೆ ಸುಮಾರು 1,540 ಮೀಟರು. ಗಡುಸು ಅಂಗಕ್ಕೂ ಮೆದು ಅಂಗಕ್ಕೂ ಈ ವೇಗದಲ್ಲಿ ಹೇಳಿಕೊಳ್ಳುವಷ್ಟು ಭೇದವಿಲ್ಲದುದರಿಂದ ಚಿತ್ರವು ಆಕಾರವನ್ನು ತೋರಿಸುವುದೇ ಹೊರತು ಕಾಠಿನ್ಯವನ್ನು ತಿಳಿಸುವುದಿಲ್ಲ. ಕಾಠಿನ್ಯವನ್ನು ಬಲ್ಲುದು ಬೇರೊಂದು ಅಲೆ. ಹಗ್ಗದ ಒಂದು ತುದಿಯನ್ನು ಕುಲುಕಿದಾಗ ಅದರ ಉದ್ದಕ್ಕೂ ಓಡುವ ಬಳುಕಿನಂತೆ, ಅಂಗದ ಕಣಗಳನ್ನು ಅಡ್ಡಲಾಗಿ ಅಲುಗಿಸುತ್ತ ಸಾಗುವ ಈ ಅಡ್ಡಲೆಯು ಸೆಕೆಂಡಿಗೆ ಕೆಲವೇ ಮೀಟರು ನಡೆಯುತ್ತದೆ. ಅಂಗವು ಬಿಗಿಯಾದಷ್ಟೂ ಅದರ ನಡೆ ಚುರುಕು. ವೇಗದ ವರ್ಗವನ್ನು ಅಂಗದ ಸಾಂದ್ರತೆಯಿಂದಲೂ ಮೂರರಿಂದಲೂ ಗುಣಿಸಿದರೆ ಕಾಠಿನ್ಯವು ದೊರೆಯುವುದು. ಅಡ್ಡಲೆಯು ಸೆಕೆಂಡಿಗೆ 1.3 ಮೀಟರು ನಡೆದರೆ ಕಾಠಿನ್ಯ ಸುಮಾರು 5 ಕಿಲೋಪಾಸ್ಕಲ್. ಇದು ಆರೋಗ್ಯವಂತನ ಯಕೃತ್ತಿನ ಮಾತು. 2 ಮೀಟರು ನಡೆದರೆ 12 ಕಿಲೋಪಾಸ್ಕಲ್. ಇಲ್ಲಿ ಸಿರೋಸಿಸ್ಸಿನ ಶಂಕೆ ಹುಟ್ಟುತ್ತದೆ.

ಎಲಾಸ್ಟೋಗ್ರಫಿ ಎಂಬ ಹೆಸರನ್ನು ರೂಢಿಗೆ ತಂದುದು ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಜೊನಾಥನ್ ಓಫಿರ್ ಮತ್ತು ಅವನ ಸಂಗಡಿಗರು 1991ರಲ್ಲಿ ಪ್ರಕಟಿಸಿದ ಲೇಖನ. ಅಂಗವನ್ನು ತುಸು ಒತ್ತಿ, ಯಾವ ಭಾಗ ಎಷ್ಟು ಕುಗ್ಗಿತೆಂದು ನೋಡುವುದು ಅವರ ಮಾರ್ಗವಾಗಿತ್ತು. ಯಕೃತ್ತಿಗೆ ಹೊಂದುವ ಅಡ್ಡಲೆಯ ಉಪಕರಣವು ಫ್ರಾನ್ಸಿನಲ್ಲಿ ಸಿದ್ಧವಾಯಿತು. ಲೊರಾಂ ಸಾಂದ್ರಾಂ ಮತ್ತು ಸಂಗಡಿಗರ ವರದಿಯು 2003ರಲ್ಲಿ ಹೊರಬಂದಿತು. ರೋಗಿಯು ಬಲಗೈಯನ್ನು ತಲೆಯ ಹಿಂದಿಟ್ಟು ಅಂಗಾತ ಮಲಗುವನು. ಪಕ್ಕೆಲುಬುಗಳ ನಡುವೆ ಇಟ್ಟ ಶಲಾಕೆಯು ಚರ್ಮವನ್ನು ಮೆಲ್ಲನೆ ತಟ್ಟುತ್ತದೆ. ಆ ತಟ್ಟಿನಿಂದೆದ್ದ ಅಡ್ಡಲೆಯನ್ನು ಅಲ್ಟ್ರಾಸೌಂಡ್ ಬೆನ್ನಟ್ಟಿ ಅಳೆಯುತ್ತದೆ. ಬಯಾಪ್ಸಿಯ ಎಳೆಗಿಂತ ಸುಮಾರು 100 ಪಾಲು ದೊಡ್ಡದಾದ ಭಾಗವು ಹೀಗೆ ಪರೀಕ್ಷೆಗೆ ಸಿಕ್ಕುವುದು. ಹತ್ತು ಸಲ ಅಳೆದು ಮಧ್ಯದ ಅಂಕವನ್ನು ಗ್ರಹಿಸುವರು.

ಇಲ್ಲಿಯೇ ಎಚ್ಚರಬೇಕಾದುದು. ಯಂತ್ರವು ಅಳೆಯುವುದು ಕಾಠಿನ್ಯವನ್ನೇ ಹೊರತು ನಾರನ್ನಲ್ಲ. ಕಾಠಿನ್ಯದಿಂದ ನಾರನ್ನು ನಾವು ಊಹಿಸುತ್ತೇವೆ. ತಾರ್ಕಿಕರ ಮಾತಿನಲ್ಲಿ ಹೇಳುವುದಾದರೆ ಈ ಹೇತುವು ಸವ್ಯಭಿಚಾರವಾದುದು. ಊಟವಾದ ಕೂಡಲೆ ಯಕೃತ್ತಿಗೆ ಹರಿಯುವ ರಕ್ತವು ಹೆಚ್ಚಿ ಅಂಕವು ಏರುತ್ತದೆ. ಆದುದರಿಂದಲೇ ಮೂರು ಗಂಟೆಗಳಾದರೂ ಉಪವಾಸವಿರಬೇಕೆಂಬ ನಿಯಮ. ಹೊಸದಾಗಿ ತಗುಲಿದ ಹೆಪಟೈಟಿಸ್‌ನ ಉರಿಯೂತದಲ್ಲಿ, ಪಿತ್ತನಾಳವು ಕಟ್ಟಿಕೊಂಡಾಗ, ಹೃದಯವು ಸೋತು ರಕ್ತವು ಯಕೃತ್ತಿನಲ್ಲಿ ನಿಂತಾಗ, ನಾರು ಇಲ್ಲದೆಯೂ ಅಂಕವು ಸಿರೋಸಿಸ್ಸಿನ ಮಟ್ಟವನ್ನು ಮುಟ್ಟಬಹುದು. ಕಾಮಾಲೆಯಿಂದ ಬಂದವನೊಬ್ಬನ ಅಂಕವನ್ನು ಮಾತ್ರ ನೋಡಿ ಅವನ ಯಕೃತ್ತು ಕೆಟ್ಟೇಹೋಯಿತೆಂದು ತೀರ್ಪುಕೊಟ್ಟರೆ, ಕೆಲವು ವಾರಗಳಲ್ಲಿ ಗುಣಹೊಂದತಕ್ಕವನಿಗೆ ಬಾಳಿನುದ್ದದ ರೋಗವನ್ನು ಹೊರಿಸಿದಂತಾಗುವುದು. ದರ್ಶನ ಪ್ರಶ್ನಗಳನ್ನು ಬಿಟ್ಟ ಸ್ಪರ್ಶನವು ಯಂತ್ರದ್ದಾದರೂ ಅಪೂರ್ಣವೇ.

ಅಂಕವು ತಗ್ಗಿದ್ದಾಗಲಾದರೋ ಅದರ ಸಾಕ್ಷ್ಯಕ್ಕೆ ಬಲ ಹೆಚ್ಚು. ಮುಂದುವರಿದ ರೋಗವು ಇಲ್ಲವೆನ್ನಲು ಅದು ಬಹುಮಟ್ಟಿಗೆ ಸಾಲುತ್ತದೆ. ಸಿರೋಸಿಸ್ ರೋಗಿಗಳ ಅನ್ನನಾಳದಲ್ಲಿ ಉಬ್ಬಿದ ರಕ್ತನಾಳಗಳು ಒಡೆದು ಪ್ರಾಣಾಪಾಯವಾಗುವುದುಂಟು. ಅವುಗಳನ್ನು ಹುಡುಕಲು ಗಂಟಲಿನಲ್ಲಿ ನಳಿಕೆಯನ್ನಿಳಿಸಿ ನೋಡಬೇಕಾಗುತ್ತದೆ. ಕಾಠಿನ್ಯವು 20 ಕಿಲೋಪಾಸ್ಕಲಿಗಿಂತ ಕಡಮೆಯಾಗಿದ್ದು, ರಕ್ತದ ಪ್ಲೇಟ್‌ಲೆಟ್‌ಗಳು 1,50,000ಕ್ಕೆ ಮೀರಿದ್ದರೆ, ಇನ್ನೂ ಬೇರೆ ಉಪದ್ರವಗಳು ತಲೆದೋರದ ರೋಗಿಗೆ ಆ ಕಷ್ಟವನ್ನು ತಪ್ಪಿಸಬಹುದೆಂದು ಇಟಲಿಯ ಬವೇನೋದಲ್ಲಿ 2015ರಲ್ಲಿ ಕೂಡಿದ ತಜ್ಞರು ಸಮ್ಮತಿಸಿದರು.

ಸ್ತನದ ಗಂಟು, ಥೈರಾಯಿಡ್ ಗ್ರಂಥಿಯ ಗಂಟು, ಪ್ರಾಸ್ಟೇಟ್ ಗ್ರಂಥಿ ಇವುಗಳಿಗೂ ಈ ವಿಧಾನವನ್ನು ಅನ್ವಯಿಸಿದ್ದಾರೆ. ಕ್ಯಾನ್ಸರಿನ ಗಂಟು ಸಾಮಾನ್ಯವಾಗಿ ಗಡುಸು. ಆದರೆ ಲೋಳೆ ತುಂಬಿದ ಒಂದು ಬಗೆಯ ಸ್ತನದ ಕ್ಯಾನ್ಸರು ಮೆದುವಾಗಿಯೇ ತೋರಬಹುದು. ಹೊಟ್ಟೆಯಲ್ಲಿ ನೀರು ತುಂಬಿದ ಜಲೋದರದಲ್ಲಿ ಚರ್ಮವನ್ನು ತಟ್ಟಿ ಅಳೆಯುವ ಉಪಕರಣವು ಕೆಲಸಕ್ಕೆ ಬಾರದು, ಏಕೆಂದರೆ ಅಡ್ಡಲೆಯು ದ್ರವದಲ್ಲಿ ನಡೆಯಲಾರದು. ಧ್ವನಿಯ ಒತ್ತಡದಿಂದಲೇ ಯಕೃತ್ತಿನೊಳಗೆ ಅಲೆಯನ್ನೆಬ್ಬಿಸುವ ಈಚಿನ ಯಂತ್ರಗಳಿಗೆ ಮಾತ್ರ ಆ ಅಡ್ಡಿಯಿಲ್ಲ.