ಕೇಶವರ್ಧಕ ಯೋಗಗಳ ಪರೀಕ್ಷೆಯೂ ಪಾಠನಿರ್ಣಯವೂ

ನಮ್ಮ ವೈದ್ಯಕ ತಾಡವಾಲೆಗಳಲ್ಲಿ ಕೇಶವರ್ಧಕ ತೈಲ, ಲೇಪಗಳ ಯೋಗಗಳು ಅಲ್ಲಲ್ಲಿ ದೊರೆಯುತ್ತವೆ. ಇಂಥ ಯೋಗಗಳಲ್ಲಿ ಬರುವ ಕೆಲವು ಮೂಲಿಕೆಗಳು ಈಚೆಗೆ ಪ್ರಯೋಗಶಾಲೆಗಳಲ್ಲಿಯೂ ಪರೀಕ್ಷಿತವಾಗಿವೆ. ಆ ಫಲಿತಾಂಶವನ್ನು ಕಂಡೊಡನೆ ಪ್ರಾಚೀನ ಯೋಗವು ಸಿದ್ಧವಾಯಿತೆಂದೋ ಅಸಿದ್ಧವಾಯಿತೆಂದೋ ಹೇಳುವುದು ಆತುರದ ಮಾತು. ಪರೀಕ್ಷೆಗೆ ಒಳಗಾದುದು ಗ್ರಂಥೋಕ್ತ ಯೋಗವೇ ಎಂಬುದು ಮೊದಲು ನಿರ್ಣಯವಾಗಬೇಕು.

ಭೃಂಗರಾಜವನ್ನೇ ನೋಡೋಣ. ಕನ್ನಡದಲ್ಲಿ ಇದು ಗರುಗ. ಬಿಳಿಯ ಹೂವಿನದು, ಹಳದಿ ಹೂವಿನದು ಎಂದು ಎರಡು ಬೇರೆ ಸಸ್ಯಗಳಿಗೆ ಭೃಂಗರಾಜವೆಂಬ ಹೆಸರು ಸಲ್ಲುತ್ತದೆ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬಿಳಿ ಹೂವಿನ ಗರುಗದ ಸಾರವನ್ನು ಪೆಟ್ರೋಲಿಯಂ ಈಥರಿನಿಂದ ತೆಗೆದು, ರೋಮ ಬೋಳಿಸಿದ ಇಲಿಗಳ ಚರ್ಮಕ್ಕೆ ಲೇಪಿಸಿದರು. ಬೆಳೆಯುವ ಅವಸ್ಥೆಯಲ್ಲಿರುವ ರೋಮಕೂಪಗಳು ಹೆಚ್ಚಿದವು. ಆದರೆ ಶಾಸ್ತ್ರೋಕ್ತ ತೈಲಪಾಕದ ಸಾಮಾನ್ಯ ನಿಯಮವೇ ಬೇರೆ: ಕಲ್ಕ 1 ಭಾಗ, ತೈಲ 4, ದ್ರವ 16, ನೀರಿನಂಶ ಇಂಗುವವರೆಗೆ ಕಾಯಿಸಬೇಕು. ಈ ಎರಡು ಕ್ರಮಗಳಲ್ಲಿ ಇಳಿಯುವ ಸತ್ತ್ವವು ಒಂದೇ ಎಂದು ಭಾವಿಸಲಾಗದು. ಇಲಿಯ ಚರ್ಮವಂತೂ ಮನುಷ್ಯನ ತಲೆಯಲ್ಲ.

ವ್ಯಾಧಿಯ ನಿರ್ಣಯವೂ ಹೀಗೆಯೇ. ಸುಶ್ರುತನು ಇಂದ್ರಲುಪ್ತ, ಖಾಲಿತ್ಯಗಳನ್ನು ಪರ್ಯಾಯನಾಮಗಳಾಗಿ ಹೇಳಿದರೆ, ವಾಗ್ಭಟನು ಖಲತಿಯಲ್ಲಿ ಕೂದಲು ಕ್ರಮೇಣ ಉದುರುವುದೆಂದು ಬೇರ್ಪಡಿಸುತ್ತಾನೆ. ಪರೀಕ್ಷಕನಿಗೆ ಈ ಭೇದವು ಬೇಕೇ ಬೇಕು. ಏಕೆಂದರೆ ಬಿಲ್ಲೆಬಿಲ್ಲೆಯಾಗಿ ಉದುರಿದ ಕೂದಲು ಎಷ್ಟೋ ವೇಳೆ ತಾನಾಗಿಯೇ ಮರಳಿ ಬೆಳೆಯುತ್ತದೆ. ಸ್ಕಾಟ್ಲೆಂಡಿನಲ್ಲಿ ನಡೆದು 1998ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಇಂಥ ರೋಗಿಗಳು 7 ತಿಂಗಳು ತಲೆಗೆ ಎಣ್ಣೆ ತಿಕ್ಕಿಕೊಂಡರು. ಸುಗಂಧಮೂಲಿಕೆಗಳ ತೈಲ ಬೆರೆಸಿದ ಗುಂಪಿನ 43 ಮಂದಿಯಲ್ಲಿ 19 ಮಂದಿಗೆ, ಬರಿಯ ಎಣ್ಣೆಯ ಗುಂಪಿನ 41 ಮಂದಿಯಲ್ಲಿ 6 ಮಂದಿಗೆ ಗುಣ ಕಂಡಿತು. ಆ 6 ಮಂದಿಯನ್ನು ಎಣಿಸಿದುದರಲ್ಲಿಯೇ ಪರೀಕ್ಷೆಯ ಪ್ರಾಮಾಣ್ಯವಿದೆ. ಇದು ಸಮ್ಮತಿಸಿದ ಮನುಷ್ಯರ ಮೇಲೆ ನಡೆದುದೆಂಬುದನ್ನು, ನೃಪತುಂಗನ ಸಭೆಯಲ್ಲಿ ಮಾಂಸಸೇವನೆಯನ್ನು ಖಂಡಿಸಿದ ಉಗ್ರಾದಿತ್ಯಾಚಾರ್ಯರ ಗ್ರಂಥವನ್ನು ಓದುವವರು ವಿಶೇಷವಾಗಿ ಗಮನಿಸಬಹುದು.

ಇನ್ನು ಓಲೆಯ ಮಾತು. ಲಿಪಿಕಾರರು ಅಲ್ಪಪ್ರಾಣ ಮಹಾಪ್ರಾಣಗಳನ್ನು ಅನೇಕ ವೇಳೆ ಬೇರ್ಪಡಿಸಿ ಬರೆಯುವುದಿಲ್ಲ. 'ತ್ರಿಪಲ' ಎಂದು ಕಂಡಲ್ಲಿ ಅದು ಮೂರು ಪಲದ ತೂಕವೋ, ಅಳಲೆ, ತಾರೆ, ನೆಲ್ಲಿಗಳ ತ್ರಿಫಲವೋ? ಪಲವೆಂದರೆ ಇಂದಿನ ಲೆಕ್ಕದಲ್ಲಿ ಸುಮಾರು 48 ಗ್ರಾಂ. ಒಂದು ಪಾಠದಂತೆ ಹಿಂದೆ ಹೇಳಿದ ದ್ರವ್ಯವು 144 ಗ್ರಾಂ ಆಗುತ್ತದೆ. ಇನ್ನೊಂದರಂತೆ ತೂಕವೇ ಹೇಳದ ಮೂರು ಹೊಸ ದ್ರವ್ಯಗಳು ಸೇರುತ್ತವೆ. ಇಂಥ ಕಡೆ ಸಂಪಾದಕನು ಮೌನವಾಗಿ ತಿದ್ದಬಾರದು. ಓಲೆಯಲ್ಲಿರುವುದನ್ನು ಇದ್ದಂತೆಯೇ ಅಚ್ಚಿಸಿ, ತನ್ನ ಊಹೆಯನ್ನು ಕಂಸದಲ್ಲಿಟ್ಟು, ಪ್ರತ್ಯಂತರಗಳ ಪಾಠವನ್ನು ಕೆಳಗೆ ಕೊಟ್ಟರೆ, ತೈಲವನ್ನು ಕಾಯಿಸುವ ವೈದ್ಯನು ಎರಡು ಪಾಠಗಳನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಲು ಅನುವಾಗುತ್ತದೆ.